ಕನ್ನಡದ ಕೆಲಸಕ್ಕೆ ಯಾವ ಕಂಪ್ಯೂಟರ್?

ಹೊಸ ಕಂಪ್ಯೂಟರ್ ಕೊಳ್ಳಲು ಹೊರಟವರು ನನ್ನನ್ನು ಆಗಾಗ ಕೇಳುತ್ತಾರೆ. ಮ್ಯಾಕ್ ತಗೊಳ್ಲಾ? ವಿಂಡೋಸ್ ಸಾಕಾ? ಲಿನಕ್ಸ್‌ನಲ್ಲಿ ಕನ್ನಡ ಬರುತ್ತಾ? ಕೇಳುವವರಲ್ಲಿ ಕತೆ ಬರೆಯುವವರಿದ್ದಾರೆ. ಸಣ್ಣದೊಂದು ಪ್ರಕಾಶನ ಶುರು ಮಾಡಿದವರಿದ್ದಾರೆ. ಊರಿನ ಜಾತ್ರೆಗೆ, ನಾಟಕಕ್ಕೆ ಪೋಸ್ಟರ್ ಮಾಡಿಕೊಡುವ ಹುಡುಗ ಹುಡುಗಿಯರಿದ್ದಾರೆ. ನಾನು ಮನೆಯಿಂದಲೇ ಕನ್ನಡ ಪುಸ್ತಕಗಳ ಪುಟ ಕಟ್ಟುವ ಕೆಲಸ ಮಾಡುತ್ತೇನೆ. ಮೂರೂ ಬಗೆಯ ಯಂತ್ರಗಳು ಮನೆಯಲ್ಲಿವೆ. ಫೋನಿನಲ್ಲಿ ಹೇಳಿ ಮುಗಿಸಲಾಗದ ಉತ್ತರವನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಯೂಟ್ಯೂಬಿನಲ್ಲಿ ಹೋಲಿಕೆಯ ವಿಡಿಯೊಗಳಿಗೆ ಬರವಿಲ್ಲ. ಪ್ರೊಸೆಸರ್ ಎಷ್ಟು ವೇಗ, ಬ್ಯಾಟರಿ ಎಷ್ಟು ಹೊತ್ತು, 4ಕೆ ವಿಡಿಯೊ ಎಷ್ಟು ನಿಮಿಷದಲ್ಲಿ ತಯಾರಾಗುತ್ತದೆ, ಎಲ್ಲ ಅಳೆದು ಹೇಳುತ್ತಾರೆ. ಉಪಯೋಗದ ಮಾತೇ. ಆದರೆ ಆ ಯಂತ್ರದಲ್ಲಿ ‘ರಾಷ್ಟ್ರ’ ಅಂತ ಬರೆದರೆ ನೆಟ್ಟಗೆ ಕಾಣುತ್ತದಾ? ಹಳೆಯ ‘ನುಡಿ’ ತಂತ್ರಾಂಶದ ಫೈಲ್ ತೆರೆಯುತ್ತದಾ? ಬೆರಳಿಗೆ ರೂಢಿಯಾದ ಕೀಲಿಮಣೆ ಸಿಗುತ್ತದಾ? ಇದನ್ನು ಯಾರೂ ನೋಡುವುದಿಲ್ಲ. ಕನ್ನಡದಲ್ಲಿ ಕೆಲಸ ಮಾಡುವವರು ಮೊದಲು ಕೇಳಬೇಕಾದದ್ದು ಇವನ್ನೇ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ವೇಗದ ಮಾತು ಆಮೇಲೆ.

ನಮ್ಮ ಮುದ್ರಣದ ಲೋಕ ವಿಂಡೋಸಿಗೆ ಅಂಟಿಕೊಂಡದ್ದು ಹೇಗೆ ಅಂತ ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ. ಮೇಜಿನ ಮೇಲೆಯೇ ಪುಸ್ತಕದ ಪುಟ ಕಟ್ಟಬಹುದು ಅಂತ ಜಗತ್ತಿಗೆ ಗೊತ್ತಾದದ್ದು 1985ರಲ್ಲಿ. ಆ ವರ್ಷ ಆಪಲ್‌ನ ಲೇಸರ್‌ರೈಟರ್ ಪ್ರಿಂಟರ್ ಬಂತು. ಅದರೊಳಗೆ ಪುಟ ಹೇಗೆ ಕಾಣಬೇಕು ಅಂತ ಪ್ರಿಂಟರಿಗೆ ಹೇಳುವ ಭಾಷೆ, ಅಡೋಬಿಯ ಪೋಸ್ಟ್‌ಸ್ಕ್ರಿಪ್ಟ್ ಇತ್ತು. ಅದೇ ವರ್ಷ ಆಲ್ಡಸ್ ಕಂಪನಿ ಮ್ಯಾಕಿಂಟಾಷ್‌ಗೆ ಪೇಜ್‌ಮೇಕರ್ ಎಂಬ ಪುಟ ಕಟ್ಟುವ ತಂತ್ರಾಂಶ ಕೊಟ್ಟಿತು. ‘ಡೆಸ್ಕ್‌ಟಾಪ್ ಪಬ್ಲಿಷಿಂಗ್’ (ಡಿಟಿಪಿ) ಅನ್ನುವ ಮಾತನ್ನು ಚಾಲ್ತಿಗೆ ತಂದವರು ಆಲ್ಡಸ್ ಕಟ್ಟಿದ ಪಾಲ್ ಬ್ರೈನರ್ಡ್. ಹಾಗಾಗಿ ಡಿಟಿಪಿ ಹುಟ್ಟಿದ್ದೇ ಮ್ಯಾಕ್‌ನಲ್ಲಿ. 1987ರಲ್ಲಿ ಪೇಜ್‌ಮೇಕರ್ ವಿಂಡೋಸಿಗೂ ಬಂತು. ನಮ್ಮಲ್ಲಿ ಡಿಟಿಪಿ ಬೇರು ಬಿಟ್ಟದ್ದು ಈ ಎರಡನೆಯ ದಾರಿಯಲ್ಲಿ. ಮ್ಯಾಕ್ ದುಬಾರಿ. ಬಿಡಿಭಾಗ ಜೋಡಿಸಿದ ಪಿಸಿ ಅಗ್ಗ, ಕೆಟ್ಟರೆ ಪಕ್ಕದ ಬೀದಿಯಲ್ಲೇ ರಿಪೇರಿ. ಮುದ್ರಣಕ್ಕೆ ಹೆಸರಾದ ಗದಗ ಇರಲಿ, ಬೆಂಗಳೂರಿನ ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಗಳಿರಲಿ, ಡಿಟಿಪಿ ಅಂದರೆ ಒಂದು ಪಿಸಿ, ವಿಂಡೋಸ್, ಪೇಜ್‌ಮೇಕರ್, ಜೊತೆಗೊಂದು ಕನ್ನಡ ತಂತ್ರಾಂಶ.

ಆ ಕನ್ನಡ ತಂತ್ರಾಂಶಗಳೂ ವಿಂಡೋಸಿನವೇ. ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ ಶ್ರೀಲಿಪಿ ಇತ್ತು. ಸಿ-ಡ್ಯಾಕ್‌ನ ಐಎಸ್‌ಎಂ ಇತ್ತು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ಬರಹ ಬಂತು. ಆಮೇಲೆ ರಾಜ್ಯ ಸರ್ಕಾರಕ್ಕಾಗಿ ಕನ್ನಡ ಗಣಕ ಪರಿಷತ್ತು ನುಡಿಯನ್ನು ಮಾಡಿತು. ಕಚೇರಿಗಳಿಂದ ಹಿಡಿದು ಕವಿಗಳ ಮನೆಯವರೆಗೆ ಕನ್ನಡ ಟೈಪಿಂಗ್ ತಲುಪಿದ್ದು ಈ ಕೆಲಸಗಳಿಂದ. ಇವತ್ತು ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತಪಟ್ಟಿಯಾದ ಯೂನಿಕೋಡ್ ಕಲಿತವರು ಇವನ್ನು ಹಗುರವಾಗಿ ನೋಡುವುದುಂಟು. ನನಗೆ ಅದು ಸರಿ ಕಾಣುವುದಿಲ್ಲ. ಆ ಕಾಲದಲ್ಲಿ ಬೇರೆ ದಾರಿಯೇ ಇರಲಿಲ್ಲ.

ಅವು ಹೇಗೆ ಕೆಲಸ ಮಾಡುತ್ತಿದ್ದವು ಅಂತ ಸ್ವಲ್ಪ ನೋಡೋಣ. ಆಗಿನ ಫಾಂಟಿನಲ್ಲಿ ಇದ್ದದ್ದು 256 ಜಾಗ. ಅದರಲ್ಲೂ ಕೆಲವು ಬಳಸಲು ಬಾರದವು. ಅಷ್ಟರಲ್ಲೇ ಕನ್ನಡದ ಎಲ್ಲ ಆಕಾರಗಳು ಹಿಡಿಯಬೇಕು. ಕಾಗುಣಿತವನ್ನೂ ಒತ್ತಕ್ಷರವನ್ನೂ ಸೇರಿಸಿದರೆ ಸಾವಿರಾರು ರೂಪ ಆಗುತ್ತವಲ್ವಾ? ಅದಕ್ಕೇ ಅಕ್ಷರವನ್ನು ತುಂಡು ಮಾಡಿದರು. ಅಕ್ಷರದ ಮೈ ಒಂದು ಕಡೆ, ತಲೆಕಟ್ಟು ಒಂದು ಕಡೆ, ಕೊಂಬು, ದೀರ್ಘ, ಒತ್ತು, ಅರ್ಕಾವತ್ತು ಬೇರೆ ಬೇರೆ ಕಡೆ. ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳಿಗೆ ಮೀಸಲಾದ ಜಾಗಗಳಲ್ಲಿ ಈ ತುಂಡುಗಳನ್ನು ಕೂರಿಸಿದರು. ಫಾಂಟ್ ಇಲ್ಲದ ಯಂತ್ರದಲ್ಲಿ ಫೈಲ್ ತೆರೆದರೆ ತಲೆಯ ಮೇಲೆ ಚುಕ್ಕೆ, ಗೆರೆ ಹೊತ್ತ ಪರದೇಶದ ಅಕ್ಷರಗಳು ಕಾಣುವುದು ಇದರಿಂದಲೇ. ನಮ್ಮವರು ಇದನ್ನು ‘ಆಸ್ಕಿ ಫಾಂಟ್’ ಅನ್ನುತ್ತಾರೆ.

ಯಾವ ತುಂಡು ಯಾವ ಜಾಗದಲ್ಲಿ ಅನ್ನುವುದನ್ನು ಪ್ರತಿ ಕಂಪನಿಯೂ ತನಗೆ ಬೇಕಾದ ಹಾಗೆ ಮಾಡಿತು. ಶ್ರೀಲಿಪಿಯ ಫೈಲ್ ನುಡಿಯಲ್ಲಿ ಓದಲು ಬರುವುದಿಲ್ಲ. ಇದಕ್ಕಿಂತ ತೊಡಕಿನ ಸಂಗತಿ ಇನ್ನೊಂದಿದೆ. ಆ 256 ಜಾಗಗಳಲ್ಲಿ ಮೇಲಿನ 128ರ ಕ್ರಮ ಮ್ಯಾಕ್‌ನಲ್ಲಿ ಒಂದು, ವಿಂಡೋಸಿನಲ್ಲಿ ಇನ್ನೊಂದು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಪಠ್ಯ ಹೋಗುವಾಗ ತಂತ್ರಾಂಶ ಅದನ್ನು ಯೂರೋಪಿನ ಅಕ್ಷರ ಅಂದುಕೊಂಡು ಅದಲು ಬದಲು ಮಾಡುತ್ತದೆ. ಅದು ನಿಜವಾಗಿ ಕನ್ನಡದ ಕೊಂಬೋ ಒತ್ತೋ ಅನ್ನುವುದು ಅದಕ್ಕೆ ಗೊತ್ತಿಲ್ಲ. ಹಾಗಾಗಿ ಒಂದು ಕನ್ನಡ ಪುಸ್ತಕ ಅಂದರೆ ಒಂದು ಫಾಂಟ್, ಒಂದು ತಂತ್ರಾಂಶ, ಒಂದು ಆಪರೇಟಿಂಗ್ ಸಿಸ್ಟಂ ಎಲ್ಲ ಸೇರಿದ ಗಂಟು. ಒಂದನ್ನು ಬಿಚ್ಚಿದರೆ ಉಳಿದದ್ದೂ ಬಿಚ್ಚಿಕೊಳ್ಳುತ್ತದೆ.

ಇಲ್ಲಿ ಎರಡು ಕಂಪನಿಗಳ ಸ್ವಭಾವ ನಮ್ಮ ಮೇಲೆ ಪರಿಣಾಮ ಮಾಡಿತು. ಆಪಲ್ ಹಳೆಯದನ್ನು ಬಿಟ್ಟು ಮುಂದೆ ಹೋಗುವ ಕಂಪನಿ. 1994ರಲ್ಲಿ ಮೊಟೊರೋಲಾ ಚಿಪ್‌ನಿಂದ ಪವರ್‌ಪಿಸಿಗೆ ಹೋಯಿತು. 2001ರಲ್ಲಿ ಓಎಸ್ ಟೆನ್ ಎಂಬ ಹೊಸ ಆಪರೇಟಿಂಗ್ ಸಿಸ್ಟಂ ತಂದು ಹಳೆ ಸಿಸ್ಟಂ ಬಿಟ್ಟಿತು. 2006ರಲ್ಲಿ ಇಂಟೆಲ್‌ಗೆ, 2020ರಲ್ಲಿ ತನ್ನದೇ ಎಂ1 ಚಿಪ್‌ಗೆ ಹೋಯಿತು. ನಡುವೆ 2019ರಲ್ಲಿ ಕ್ಯಾಟಲಿನಾ ಆವೃತ್ತಿ ಬಂದಾಗ ಹಳೆ ಬಗೆಯ 32 ಬಿಟ್ ತಂತ್ರಾಂಶಗಳೆಲ್ಲ ನಿಂತವು. ಪ್ರತಿ ಸಲವೂ ಯಂತ್ರ ಉತ್ತಮವಾಯಿತು. ಪ್ರತಿ ಸಲವೂ ಯಾವುದೋ ಹಳೆ ತಂತ್ರಾಂಶ ಸತ್ತಿತು. ಪೇಜ್‌ಮೇಕರ್ ಓಎಸ್ ಟೆನ್‌ಗೆ ಬರಲೇ ಇಲ್ಲ. ಹಳೆ ಸಿಸ್ಟಮನ್ನು ಒಳಗೇ ಓಡಿಸುವ ‘ಕ್ಲಾಸಿಕ್’ ವ್ಯವಸ್ಥೆಯಲ್ಲಿ ಉಸಿರು ಹಿಡಿದುಕೊಂಡಿತ್ತು. ಇಂಟೆಲ್ ಮ್ಯಾಕ್‌ಗಳಲ್ಲಿ ಆ ಕ್ಲಾಸಿಕ್ ಕೂಡ ಇರಲಿಲ್ಲ. ಪೇಜ್‌ಮೇಕರ್ ಹುಟ್ಟಿದ ಮನೆಯಲ್ಲೇ ಅದಕ್ಕೆ ಜಾಗ ಇಲ್ಲದಾಯಿತು.

ವಿಂಡೋಸ್ ಇದಕ್ಕೆ ತದ್ವಿರುದ್ಧ. ಅಡೋಬಿ 1994ರಲ್ಲಿ ಆಲ್ಡಸ್ ಕೊಂಡಿತು, 2001ರ ಹೊತ್ತಿಗೆ ಪೇಜ್‌ಮೇಕರ್ 7 ಕೊಟ್ಟಿತು, ಆಮೇಲೆ ತನ್ನದೇ ಪುಟವಿನ್ಯಾಸ ತಂತ್ರಾಂಶ ಇನ್‌ಡಿಸೈನ್ ಮೇಲೆ ಗಮನ ಇಟ್ಟು ಪೇಜ್‌ಮೇಕರನ್ನು ಕೈಬಿಟ್ಟಿತು. ಹಾಗಿದ್ದೂ ಆ ಪೇಜ್‌ಮೇಕರ್ 7 ನಮ್ಮ ಎಷ್ಟೋ ಪ್ರೆಸ್‌ಗಳಲ್ಲಿ ಇವತ್ತಿಗೂ ದಿನನಿತ್ಯದ ಕೆಲಸ ಮಾಡುತ್ತಿದೆ. ಮೈಕ್ರೋಸಾಫ್ಟ್ ಹಳೆ ತಂತ್ರಾಂಶ ಓಡಲಿ ಅಂತ ಪಡುವ ಕಷ್ಟ ದೊಡ್ಡದು. ಹೊರಗಿನವರಿಗೆ ಅದು ಸೋಮಾರಿತನ, ಹಳೆ ಭಾರ ಹೊತ್ತುಕೊಂಡಿದ್ದಾರೆ ಅನ್ನಿಸಬಹುದು. ಇಪ್ಪತ್ತು ವರ್ಷದ ಪುಸ್ತಕಗಳು ಪೇಜ್‌ಮೇಕರ್ ಫೈಲ್‌ಗಳಾಗಿ ಕೂತಿರುವ ಒಬ್ಬ ಕನ್ನಡ ಪ್ರಕಾಶಕನಿಗೆ ಅದು ಉಪಕಾರ. ಆ ಫೈಲ್ ತೆರೆದರೆ ಎರಡನೆಯ ಮುದ್ರಣ ವಾರದಲ್ಲಿ ಆಗುತ್ತದೆ. ತೆರೆಯದಿದ್ದರೆ ಇಡೀ ಪುಸ್ತಕವನ್ನು ಮತ್ತೆ ಟೈಪ್ ಮಾಡಿಸಬೇಕು, ಮತ್ತೆ ಕರಡು ತಿದ್ದಿಸಬೇಕು.

ಆದ್ದರಿಂದ ಹಳೆ ಫೈಲ್‌ಗಳ ಆಸ್ತಿ ಇರುವವರು ಮನೆಯಲ್ಲಿ ಒಂದಾದರೂ ವಿಂಡೋಸ್ ಯಂತ್ರ ಇಟ್ಟುಕೊಳ್ಳಲೇಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ.

ಹೊಸದಾಗಿ ಶುರು ಮಾಡುವವರ ವಿಷಯ ಬೇರೆ. ಅವರು ಯೂನಿಕೋಡ್‌ನಲ್ಲೇ ಶುರು ಮಾಡಬೇಕು, ಮತ್ತು ಯೂನಿಕೋಡ್ ಆಟದ ನಿಯಮವನ್ನೇ ಬದಲಾಯಿಸಿತು. ಕನ್ನಡಕ್ಕೆ ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೇ 128 ಜಾಗಗಳ ಸ್ವಂತ ಕಟ್ಟು ಇದೆ. ಇಲ್ಲಿ ತುಂಡುಗಳಿಗೆ ಜಾಗ ಇಲ್ಲ, ಅಕ್ಷರಗಳಿಗೆ ಮಾತ್ರ. ‘ಅರ್ಥ’ ಅಂತ ಬರೆದರೆ ಒಳಗೆ ಇರುವುದು ಅ, ರ, ಸ್ವರ ತೆಗೆಯುವ ವಿರಾಮ ಸಂಕೇತ (್), ಥ. ನಾವು ಉಚ್ಚರಿಸುವ ಕ್ರಮ ಇದು. ಕಣ್ಣಿಗೆ ಮಾತ್ರ ಥ ಮೊದಲು, ಅರ್ಕಾವತ್ತು ಆಮೇಲೆ ಕಾಣಬೇಕು. ಹಾಗೆ ಕಾಣಿಸುವ ಕೆಲಸ ಕಂಪ್ಯೂಟರಿನೊಳಗಿನ ಒಂದು ಯಂತ್ರಾಂಗದ್ದು. ಇದನ್ನು ಶೇಪಿಂಗ್ ಎಂಜಿನ್ ಅನ್ನುತ್ತಾರೆ. ಫಾಂಟಿನೊಳಗೆ ಬರೆದಿಟ್ಟ ನಿಯಮಗಳನ್ನು ಓದಿ, ಯಾವ ಆಕಾರ ಎಲ್ಲಿ ಕೂರಬೇಕು ಅಂತ ಅದು ತೀರ್ಮಾನಿಸುತ್ತದೆ. ಕನ್ನಡಿಗರ ಮಟ್ಟಿಗೆ ಮ್ಯಾಕ್, ವಿಂಡೋಸ್, ಲಿನಕ್ಸ್ ನಡುವಿನ ನಿಜವಾದ ಪೈಪೋಟಿ ನಡೆದದ್ದು ಈ ಒಂದು ಭಾಗದಲ್ಲಿ. ಅದರ ಬಗ್ಗೆ ಬರೆದವರು ಕಡಿಮೆ.

ವಿಂಡೋಸ್ ಮೊದಲು ಬಂತು. 2001ರ ಎಕ್ಸ್‌ಪಿಯಲ್ಲಿ ತುಂಗಾ ಫಾಂಟ್ ಇತ್ತು, ಕನ್ನಡ ಕೀಲಿಮಣೆ ಇತ್ತು, ಯೂನಿಸ್ಕ್ರೈಬ್ ಎಂಬ ಎಂಜಿನ್ ಇತ್ತು. ಲಿನಕ್ಸ್ ಹಿಂದೆಯೇ ಬಂತು. ಪ್ಯಾಂಗೊ ಎಂಜಿನ್ ಜೊತೆಗೆ ಕೇದಗೆ, ಮಲ್ಲಿಗೆ ಎಂಬ ಮುಕ್ತ ಫಾಂಟ್‌ಗಳು ಲಿನಕ್ಸ್ ಬಳಸುವವರಿಗೆ ಪರಿಚಯವಾದವು. ಮ್ಯಾಕ್ ತಡ ಮಾಡಿತು. 2011ರ ಲಯನ್ ಆವೃತ್ತಿಯಲ್ಲಿ ಮುತ್ತು ನೆಡುಮಾರನ್ ಅವರ ಕನ್ನಡ ಎಂಎನ್, ಕನ್ನಡ ಸಂಗಮ್ ಎಂಎನ್ ಫಾಂಟ್‌ಗಳು ಬರುವವರೆಗೂ ಮ್ಯಾಕ್‌ಗೆ ಕನ್ನಡ ತಾನಾಗಿ ಬರುತ್ತಿರಲಿಲ್ಲ. ಹತ್ತು ವರ್ಷ ಅಂತರ! ಚಿತ್ರ, ಅಕ್ಷರ, ವಿನ್ಯಾಸದ ಯಂತ್ರ ಅಂತ ಹೆಸರು ಪಡೆದದ್ದರಲ್ಲಿ ನಮ್ಮ ಅಕ್ಷರಕ್ಕೆ ಅಷ್ಟು ತಡವಾಗಿ ಜಾಗ ಸಿಕ್ಕಿತು. ನನಗೆ ಇದು ಇವತ್ತಿಗೂ ನೋವಿನ ವಿಷಯ.

ಮ್ಯಾಕ್‌ನ ಇನ್ನೊಂದು ಸೂಕ್ಷ್ಮ ಇದೆ. ಯೂನಿಕೋಡ್‌ನಲ್ಲಿ ‘ಕೋ’ ಬರೆಯುವಾಗ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಇಡಬಹುದು, ಅಥವಾ ತುಂಡುಗಳಾಗಿ ಬಿಡಿಸಿಯೂ ಇಡಬಹುದು. ಎರಡೂ ಒಂದೇ ಅಂತ ನಿಯಮ ಹೇಳುತ್ತದೆ. ಮ್ಯಾಕ್‌ನ ಹಳೆ ಫೈಲ್ ವ್ಯವಸ್ಥೆ ಫೈಲಿನ ಹೆಸರುಗಳನ್ನು ಬಿಡಿಸಿ ಇಡುತ್ತಿತ್ತು. ಕನ್ನಡದ ಕೀ, ಕೇ, ಕೈ, ಕೊ, ಕೋ ಎಲ್ಲವೂ ಹೀಗೆ ಬಿಡಿಸಿಕೊಳ್ಳುತ್ತಿದ್ದವು. ಅಲ್ಲಿಂದ ಲಿನಕ್ಸಿಗೆ ಬಂದ ಫೈಲನ್ನು ಹೆಸರು ಟೈಪ್ ಮಾಡಿ ಹುಡುಕಿದರೆ ಸಿಗದೇ ಇರಬಹುದು. ಕಣ್ಣಿಗೆ ಹೆಸರು ಒಂದೇ, ಒಳಗೆ ಬೇರೆ. 2017ರಿಂದ ಬಂದ ಹೊಸ ಫೈಲ್ ವ್ಯವಸ್ಥೆ ಎಪಿಎಫ್‌ಎಸ್ ಕೊಟ್ಟ ಹೆಸರನ್ನು ಹಾಗೆಯೇ ಉಳಿಸಿಕೊಳ್ಳುತ್ತದೆ. ಹಳೆ ಬ್ಯಾಕಪ್ ಡಿಸ್ಕ್‌ಗಳಲ್ಲಿ ಮಾತ್ರ ಈ ಸಮಸ್ಯೆ ಇನ್ನೂ ಎದುರಾಗುತ್ತದೆ. ನಾನಂತೂ ಡಿಸ್ಕ್‌ನಿಂದ ಡಿಸ್ಕ್‌ಗೆ ಹೋಗುವ ಫೈಲ್‌ಗಳಿಗೆ ಇಂಗ್ಲಿಷ್ ಹೆಸರನ್ನೇ ಕೊಡುತ್ತೇನೆ.

ಈಗ ಪರಿಸ್ಥಿತಿ ಬಹಳ ಸುಧಾರಿಸಿದೆ. ಕಾರಣ ಹಾರ್ಫ್‌ಬಝ್ ಎಂಬ ಮುಕ್ತ ಶೇಪಿಂಗ್ ಎಂಜಿನ್. ಇದನ್ನು ಬೆಳೆಸಿದವರಲ್ಲಿ ಮುಖ್ಯರು ಇರಾನ್ ಮೂಲದ ಬೆಹದಾದ್ ಎಸ್ಫಹಬೋದ್. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲ ಇದನ್ನೇ ಬಳಸುತ್ತವೆ. ಅಡೋಬಿ ಕೂಡ ತನ್ನ ತಂತ್ರಾಂಶಗಳಿಗೆ ಇದನ್ನು ತಂದುಕೊಂಡಿದೆ. ಸ್ಕ್ರೈಬಸ್ ಎಂಬ ಮುಕ್ತ ಪುಟವಿನ್ಯಾಸ ತಂತ್ರಾಂಶದಲ್ಲಿ ಬಹಳ ಕಾಲ ಕನ್ನಡ ಮುರಿದು ಬೀಳುತ್ತಿತ್ತು. ಒಮಾನಿನ ತಂಡವೊಂದು ಅರೇಬಿಕ್‌ಗಾಗಿ ಅದರ ಪಠ್ಯದ ಭಾಗವನ್ನು ಹೊಸದಾಗಿ ಕಟ್ಟಿತು. ಅದರಿಂದ ಕನ್ನಡವೂ ಸರಿಯಾಯಿತು. ಆ ಕೆಲಸ ಇರುವ ಸ್ಥಿರ ಆವೃತ್ತಿ 1.6 ಬಂದದ್ದು 2024ರಲ್ಲಿ. ಕನ್ನಡ ಪದಗಳನ್ನು ಸಾಲಿನ ಕೊನೆಯಲ್ಲಿ ಎಲ್ಲಿ ಒಡೆಯಬೇಕು ಅನ್ನುವ ನಿಯಮಗಳನ್ನು ಮುಕ್ತವಾಗಿ ಕೊಟ್ಟವರು ಕೇರಳದ ಸಂತೋಷ್ ತೊಟ್ಟಿಂಗಲ್.

ಈ ಕೊನೆಯದರ ಬೆಲೆ ಪುಟ ಕಟ್ಟುವವರಿಗೆ ಮಾತ್ರ ಗೊತ್ತು. ‘ಮಾಡಬೇಕಾಗಿರುವುದರಿಂದ’, ‘ಹೇಳಿಕೊಳ್ಳಲಾಗದಷ್ಟು’ ಥರದ ಉದ್ದ ಪದಗಳು ನಮ್ಮಲ್ಲಿ ಜಾಸ್ತಿ. ಕಿರಿದಾದ ಅಂಕಣದಲ್ಲಿ ಪದ ಒಡೆಯದೆ ಎರಡೂ ಬದಿ ಸಮ ಮಾಡಿದರೆ ಸಾಲಿನ ನಡುವೆ ದೊಡ್ಡ ದೊಡ್ಡ ಕಿಂಡಿ ಬೀಳುತ್ತವೆ. ಓದುವವರಿಗೆ ಯಾಕೆ ಅಂತ ತಿಳಿಯುವುದಿಲ್ಲ, ಪುಟ ಮಾತ್ರ ಹಿತ ಅನ್ನಿಸುವುದಿಲ್ಲ. ಪದ ಒಡೆಯುವ ನಿಯಮ ಇಲ್ಲದ ಕಾಲದಲ್ಲಿ ಆಪರೇಟರ್‌ಗಳು ಇದನ್ನು ಕೈಯಿಂದಲೇ, ಸಾಲು ಸಾಲಾಗಿ ಸರಿ ಮಾಡುತ್ತಿದ್ದರು.

ಅರೇಬಿಕ್ ಬರೆಯುವವರು, ಪಾರ್ಸಿ ಬರೆಯುವವರು, ಮಲಯಾಳಂ ಬರೆಯುವವರು ತಮ್ಮ ಅಕ್ಷರ ಸರಿಯಾಗಲಿ ಅಂತ ಮಾಡಿದ ಕೆಲಸದ ಫಲ ನಮಗೆ ಸಿಕ್ಕಿದೆ. ಮುಕ್ತ ತಂತ್ರಾಂಶದಲ್ಲಿ ಹೀಗಾಗುತ್ತದೆ. ಲಿನಕ್ಸ್ ಬಗ್ಗೆ ನನಗೆ ಒಲವು ಹುಟ್ಟಿದ್ದು ಹಣ ಉಳಿಯುತ್ತದೆ ಅಂತಲ್ಲ, ಈ ಕಾರಣಕ್ಕೆ.

ಹಾಗಾದರೆ ಪುಟವಿನ್ಯಾಸಕ್ಕೆ ಯಾವುದು? ಹೊಟ್ಟೆಪಾಡಿಗೆ ಮಾಡುವುದಾದರೆ ಇನ್‌ಡಿಸೈನ್ ಬಿಟ್ಟರೆ ಗತಿ ಇಲ್ಲ ಅಂತಲೇ ಹೇಳಬೇಕು. 2012ರ ಸಿಎಸ್6 ಆವೃತ್ತಿಯಿಂದ ಅದರಲ್ಲಿ ಭಾರತೀಯ ಭಾಷೆಗಳಿಗೆ ಬೆಂಬಲ ಇದೆ. ಪ್ಯಾರಾ ಸೆಟ್ಟಿಂಗ್‌ನಲ್ಲಿ ‘ವರ್ಲ್ಡ್ ರೆಡಿ ಕಂಪೋಸರ್’ ಆರಿಸಿಕೊಳ್ಳಬೇಕು, ಇಲ್ಲದಿದ್ದರೆ ಒತ್ತಕ್ಷರ ಮುರಿಯುತ್ತದೆ. ಫೋಟೋಶಾಪ್‌ನಲ್ಲೂ ಇಂಥದ್ದೇ ಒಂದು ಆಯ್ಕೆ ಇದೆ. ‘ಫೋಟೋಶಾಪ್‌ನಲ್ಲಿ ಯೂನಿಕೋಡ್ ಬರಲ್ಲ’ ಅಂತ ಹೇಳುವ ಹಲವರಿಗೆ ಈ ಆಯ್ಕೆ ಇರುವುದೇ ಗೊತ್ತಿಲ್ಲ. ಆ ಕಾರಣಕ್ಕೆ ಇನ್ನೂ ಆಸ್ಕಿ ಫಾಂಟ್‌ನಲ್ಲೇ ಪೋಸ್ಟರ್ ಮಾಡುತ್ತಿದ್ದಾರೆ. ಇನ್‌ಡಿಸೈನ್ ಮ್ಯಾಕ್‌ನಲ್ಲೂ ವಿಂಡೋಸಿನಲ್ಲೂ ಒಂದೇ ಥರ ನಡೆಯುತ್ತದೆ. ಹಾಗಾಗಿ ಇನ್‌ಡಿಸೈನ್‌ಗೋಸ್ಕರ ಮ್ಯಾಕ್ ಕೊಳ್ಳಬೇಕಾಗಿಲ್ಲ. 2013ರಿಂದ ಅಡೋಬಿ ತನ್ನ ಹೊಸ ಆವೃತ್ತಿಗಳನ್ನು ಚಂದಾದಲ್ಲಿ ಮಾತ್ರ ಕೊಡುತ್ತಿದೆ. ವರ್ಷಕ್ಕೆ ಒಂದೆರಡು ಪುಸ್ತಕ ಮಾಡುವವರಿಗೆ ಅದು ಭಾರ. ಅಂಥವರು ಸ್ಕ್ರೈಬಸ್ ಕಲಿಯಲಿ. ಕವನ ಸಂಕಲನ, ಪ್ರಬಂಧ, ಕಾದಂಬರಿಯಂಥ ಬರೀ ಪಠ್ಯದ ಪುಸ್ತಕಕ್ಕೆ, ಪಠ್ಯದೊಳಗೇ ಸೂಚನೆ ಬರೆದು ಪುಟ ಕಟ್ಟಿಸುವ ಝೀಟೆಕ್ ಇನ್ನೂ ಒಳ್ಳೆಯದು. ಜೊನಾಥನ್ ಕ್ಯೂ 2004ರಲ್ಲಿ ಅದನ್ನು ಮೊದಲು ಮ್ಯಾಕ್‌ಗಷ್ಟೇ ಕೊಟ್ಟರು. ಈಗ ಎಲ್ಲ ಕಡೆ ಓಡುತ್ತದೆ. ಕಲಿಯಲು ಕಷ್ಟ ಇದೆ, ಸುಳ್ಳು ಹೇಳಲಾರೆ. ಆದರೆ ಒಂದು ಸಲ ಅಚ್ಚುಕಟ್ಟಾದ ಮಾದರಿ ಮಾಡಿಟ್ಟುಕೊಂಡರೆ ಮುಂದಿನ ಪುಸ್ತಕ ಸಲೀಸು. ಜೊತೆಗೆ ಪಠ್ಯ ಬರೀ ಯೂನಿಕೋಡ್ ಫೈಲ್ ಆಗಿ ಉಳಿಯುತ್ತದೆ. ಮುಂದೆ ಯಾವ ಯಂತ್ರ ಬಂದರೂ ಅದು ತೆರೆಯುತ್ತದೆ.

ಫಾಂಟ್ ವಿಷಯದಲ್ಲಿ ಈಗ ಯಾರೂ ಬಡವರಲ್ಲ. ನೋಟೊ ಸೆರಿಫ್ ಕನ್ನಡ, ಟೀರೋ ಕನ್ನಡ, ಅನೇಕ್ ಕನ್ನಡ, ಬಲೂ ತಮ್ಮ, ವೈಷ್ಣವಿ ಮೂರ್ತಿ ಪಾಲು ಇರುವ ಅಕಾಯ ಕನಡಕ, ಎಲ್ಲ ಮುಕ್ತವಾಗಿ ಸಿಗುತ್ತವೆ, ಎಲ್ಲ ಕಡೆ ನಡೆಯುತ್ತವೆ. ಸಿಸ್ಟಂ ಜೊತೆ ಬಂದ ಫಾಂಟ್‌ನಲ್ಲಿ ಮಾತ್ರ ಪುಸ್ತಕ ಕಟ್ಟಬೇಡಿ. ವಿಂಡೋಸಿನ ತುಂಗಾ, ನಿರ್ಮಲಾ ಮ್ಯಾಕ್‌ನಲ್ಲಿ ಇರುವುದಿಲ್ಲ, ಮ್ಯಾಕ್‌ನ ಸಂಗಮ್ ಬೇರೆ ಕಡೆ ಇರುವುದಿಲ್ಲ. ಫೈಲನ್ನು ಇನ್ನೊಬ್ಬರಿಗೆ ಕೊಟ್ಟ ದಿನ ಪುಟಗಳ ಲೆಕ್ಕವೇ ಬದಲಾಗುತ್ತದೆ.

ಕೀಲಿಮಣೆಯ ವಿಷಯ ಬರೆಯುವವರಿಗೆ ಎಲ್ಲಕ್ಕಿಂತ ಹತ್ತಿರದ್ದು. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ ನುಡಿಯ ಮೂಲಕ ಕರ್ನಾಟಕದ ಬೆರಳುಗಳಿಗೆ ಇಳಿದಿದೆ. ಒಂದು ಕೀಲಿಗೆ ಒಂದು ಅಕ್ಷರ, ಒತ್ತಿಗೆ ಒಂದು ಕೊಂಡಿ, ಅಷ್ಟೇ. ವೇಗ ಬಂದ ಮೇಲೆ ಬೆರಳು ಯೋಚನೆಯ ಜೊತೆಗೇ ಓಡುತ್ತದೆ. ಈ ವಿನ್ಯಾಸ ತಾನಾಗಿ ಸಿಗುವುದು ಎಲ್ಲಿ ಗೊತ್ತಾ? ಲಿನಕ್ಸ್‌ನಲ್ಲಿ. ಕೀಲಿಮಣೆಯ ಪಟ್ಟಿಯಲ್ಲಿ ‘ಕಗಪ’ (ಕನ್ನಡ ಗಣಕ ಪರಿಷತ್ತಿನ ಚಿಕ್ಕ ರೂಪ) ಅಂತ ಇರುತ್ತದೆ. ಆರಿಸಿದರೆ ಮುಗಿಯಿತು, ಏನೂ ಇಳಿಸಿಕೊಳ್ಳಬೇಕಾಗಿಲ್ಲ. ವಿಂಡೋಸಿನಲ್ಲಿ ಭಾರತೀಯ ಭಾಷೆಗಳ ಪ್ರಮಾಣಿತ ವಿನ್ಯಾಸ ಇನ್‌ಸ್ಕ್ರಿಪ್ಟ್ ಮೊದಲಿಂದ ಇದೆ, 2019ರಿಂದ ಇಂಗ್ಲಿಷ್ ಉಚ್ಚಾರದಂತೆ ಬರೆಯುವ ಫೊನೆಟಿಕ್ ಕೂಡ ಇದೆ. ಕೆ.ಪಿ. ರಾವ್ ವಿನ್ಯಾಸ ಬೇಕೆಂದರೆ ನುಡಿಯನ್ನೋ ಬರಹವನ್ನೋ ಹಾಕಿಕೊಳ್ಳಬೇಕು. ಮ್ಯಾಕ್‌ನಲ್ಲಿ ಸಿಗುವುದು ಇನ್‌ಸ್ಕ್ರಿಪ್ಟ್ ಮತ್ತು ಕ್ವರ್ಟಿ. ಯುಕೆಲೇಲಿ ಎಂಬ ಉಚಿತ ತಂತ್ರಾಂಶದಿಂದ ಬೇಕಾದ ವಿನ್ಯಾಸ ನಾವೇ ಮಾಡಿಕೊಳ್ಳಬಹುದು. ನನ್ನ ಮ್ಯಾಕ್‌ನಲ್ಲಿ ಹಾಗೆ ಮಾಡಿಕೊಂಡದ್ದೇ ಇದೆ. ಅದು ಚೆನ್ನಾಗಿ ನಡೆಯುತ್ತದೆ. ಆದರೆ ಕತೆ ಬರೆಯಲು ಕೂತ ಒಬ್ಬ ನಿವೃತ್ತ ಮೇಷ್ಟ್ರಿಗೆ ಅದನ್ನು ಮಾಡಿಕೊಳ್ಳಿ ಅಂತ ಹೇಳಲಾಗುವುದಿಲ್ಲ.

ದನಿ ಮತ್ತು ವಿಡಿಯೊ ಮಾಡುವವರಿಗೆ ನನ್ನ ಉತ್ತರ ಚಿಕ್ಕದು. ದುಡ್ಡಿದ್ದರೆ ಮ್ಯಾಕ್. ಮೈಕ್ ಚುಚ್ಚಿದರೆ ಸುಮ್ನೆ ಕೆಲಸ ಮಾಡುತ್ತದೆ, ದನಿ ಮುದ್ರಿಸುವ ಗರಾಜ್‌ಬ್ಯಾಂಡ್ ಉಚಿತ, ಎಂ ಸರಣಿಯ ಚಿಪ್‌ಗಳು ತಣ್ಣಗಿರುತ್ತವೆ. ಫ್ಯಾನಿನ ಸದ್ದು ರೆಕಾರ್ಡಿಂಗ್‌ನಲ್ಲಿ ಸೇರುವುದಿಲ್ಲ. ಇದೊಂದೇ ಸಾಕು, ಮನೆಯಲ್ಲಿ ಆಡಿಯೊಬುಕ್ ಓದುವವರಿಗೆ. ಒಂದು ಕಂಪನಿಯ ಅಂಗಳದಲ್ಲೇ ಇದ್ದರೆ ಏನಾಗಬಹುದು ಅನ್ನುವುದಕ್ಕೆ ಲಾಜಿಕ್ ಎಂಬ ಸಂಗೀತದ ತಂತ್ರಾಂಶ ಉದಾಹರಣೆ. ಅದು ಎಮ್ಯಾಜಿಕ್ ಎಂಬ ಜರ್ಮನ್ ಕಂಪನಿಯದು, ವಿಂಡೋಸಿನಲ್ಲೂ ಇತ್ತು. 2002ರಲ್ಲಿ ಆಪಲ್ ಆ ಕಂಪನಿಯನ್ನು ಕೊಂಡಿತು, ವಿಂಡೋಸ್ ಆವೃತ್ತಿ ನಿಂತಿತು. ಅದರಲ್ಲಿ ಹಾಡು ಕಟ್ಟುತ್ತಿದ್ದ ವಿಂಡೋಸ್ ಬಳಕೆದಾರರು ನಡುದಾರಿಯಲ್ಲಿ ಉಳಿದರು. ಲಿನಕ್ಸ್‌ನಲ್ಲಿ ಆರ್ಡರ್, ಆಡಾಸಿಟಿ ಎಂಬ ದನಿಯ ತಂತ್ರಾಂಶಗಳಿವೆ, ಒಬ್ಬರ ದನಿಯ ಕೆಲಸಕ್ಕೆ ಧಾರಾಳ ಸಾಕು. ವಿಡಿಯೊಗೆ ಡಾವಿಂಚಿ ರಿಸಾಲ್ವ್ ಎಂಬ ತಂತ್ರಾಂಶ ಮೂರೂ ಕಡೆ ಇದೆ. ಲಿನಕ್ಸ್‌ನ ಉಚಿತ ಆವೃತ್ತಿಯಲ್ಲಿ ಮಾತ್ರ ಫೋನಿನಲ್ಲಿ ತೆಗೆದ ಎಚ್.264 ವಿಡಿಯೊ ನೇರವಾಗಿ ತೆರೆಯುವುದಿಲ್ಲ. ಮೊದಲು ಬೇರೆ ರೂಪಕ್ಕೆ ಬದಲಿಸಿಕೊಳ್ಳಬೇಕು. ಇದು ಗೊತ್ತಿಲ್ಲದೆ ಲಿನಕ್ಸ್ ಹಾಕಿಕೊಂಡು ಬೇಸರಪಟ್ಟವರನ್ನು ಕಂಡಿದ್ದೇನೆ.

ದುಡ್ಡಿನ ಮಾತು. ಮ್ಯಾಕ್‌ನ ಬೆಲೆ ಕೊಳ್ಳುವ ದಿನಕ್ಕೆ ಮುಗಿಯುವುದಿಲ್ಲ. ಈಗಿನ ಮ್ಯಾಕ್‌ಗಳಲ್ಲಿ ಮೆಮೊರಿ ಚಿಪ್‌ನ ಜೊತೆಗೇ ಕೂತಿರುತ್ತದೆ. ಆಮೇಲೆ ಹೆಚ್ಚಿಸಲು ಬರುವುದಿಲ್ಲ. ಕೊಳ್ಳುವಾಗಲೇ ಮುಂದಿನ ಐದಾರು ವರ್ಷದ ಕೆಲಸ ಊಹಿಸಿ ಹಣ ಕೊಡಬೇಕು. ತಾಲ್ಲೂಕು ಊರುಗಳಲ್ಲಿ ರಿಪೇರಿ ಮಾಡುವವರು ಸಿಗುವುದು ಕಷ್ಟ, ದೊಡ್ಡ ಊರಿಗೆ ಹೊತ್ತುಕೊಂಡು ಹೋಗಬೇಕು. ಇನ್ನೊಂದು ಕಡೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಸುರಕ್ಷತೆಯ ಚಿಪ್ ಬೇಕು, ಎಂಟನೆಯ ತಲೆಮಾರಿಗಿಂತ ಹಳೆಯ ಇಂಟೆಲ್ ಪ್ರೊಸೆಸರ್‌ಗಳು ಅದರ ಪಟ್ಟಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹಳೆಯದನ್ನು ಅಷ್ಟು ಜೋಪಾನ ಮಾಡುತ್ತಿದ್ದ ಕಂಪನಿಯೇ ಚೆನ್ನಾಗಿ ಓಡುವ ಎಷ್ಟೋ ಯಂತ್ರಗಳಿಗೆ ಬಾಗಿಲು ಹಾಕಿತು. ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಅಂಥ ಲ್ಯಾಪ್‌ಟಾಪ್‌ಗಳು ಅಗ್ಗಕ್ಕೆ ಸಿಗುತ್ತವೆ. ಅವಕ್ಕೆ ಲಿನಕ್ಸ್ ಮಿಂಟ್ ಹಾಕಿ, ಹಳೆ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ಬರೆಯುವವರಿಗೆ ಅದಕ್ಕಿಂತ ಒಳ್ಳೆಯ ಯಂತ್ರ ಬೇಡ. ಈ ಮಾತನ್ನು ಪೂರ್ತಿ ಮನಸ್ಸಿನಿಂದ ಹೇಳುತ್ತಿದ್ದೇನೆ. ಬರವಣಿಗೆಗೆ ಒಂದು ಲಕ್ಷದ ಯಂತ್ರ ಬೇಕು ಅಂತ ಯಾವ ಹುಡುಗ ಹುಡುಗಿಯೂ ಹಿಂಜರಿಯಬಾರದು.

ಅಂಗಡಿಗೆ ಹೋದಾಗ ಒಂದು ಕೆಲಸ ಮಾಡಿ. ಮಾರುವವರನ್ನು ಕೇಳಿ, ಕನ್ನಡ ಕೀಲಿಮಣೆ ಆನ್ ಮಾಡಿಸಿ, ನೀವು ಬಳಸಲಿರುವ ತಂತ್ರಾಂಶದಲ್ಲಿ ಕೆಲವು ಪದ ಬರೆದು ನೋಡಿ. ರಾಷ್ಟ್ರ, ಜ್ಯೋತ್ಸ್ನಾ, ಲಕ್ಷ್ಮಿ, ಕೃಷ್ಣ, ವರ್ಷ, ರ‍್ಯಾಂಕ್, ಫ಼ೋಟೊ. ರಾಷ್ಟ್ರದಲ್ಲಿ ಎರಡು ಒತ್ತು, ಜ್ಯೋತ್ಸ್ನಾದಲ್ಲೂ ಎರಡು ಒತ್ತು ಒಂದರ ಪಕ್ಕ ಒಂದು ಕೂರಬೇಕು. ಸಾಮಾನ್ಯವಾಗಿ ಮೊದಲು ಮುರಿಯುವುದು ರ‍್ಯಾಂಕ್. ಅದರಲ್ಲಿ ಅರ್ಕಾವತ್ತು ಬರಬಾರದು, ರ ಪೂರ್ತಿ ಕಾಣಬೇಕು. ಅದಕ್ಕೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರಬೇಕಾಗುತ್ತದೆ. ಕೆಲವು ತಂತ್ರಾಂಶ ಅದನ್ನು ನುಂಗಿಬಿಡುತ್ತವೆ, ಕೆಲವು ಚೌಕದ ಡಬ್ಬಿ ತೋರಿಸುತ್ತವೆ. ಫ಼ದ ಕೆಳಗಿನ ಎರಡು ಚುಕ್ಕಿ ಸರಿಯಾದ ಜಾಗದಲ್ಲಿ ಇದೆಯಾ ನೋಡಿ. ಆಮೇಲೆ ಅದನ್ನೇ ಪಿಡಿಎಫ್ ಮಾಡಿ, ಆ ಪಿಡಿಎಫ್‌ನಿಂದ ಪಠ್ಯ ನಕಲು ಮಾಡಿ ಬೇರೆ ಕಡೆ ಅಂಟಿಸಿ. ಅಲ್ಲಿಗೆ ಆ ಯಂತ್ರದ ಬಗ್ಗೆ ಯಾವ ವಿಡಿಯೊ ಹೇಳುವುದಕ್ಕಿಂತಲೂ ಜಾಸ್ತಿ ನಿಮಗೆ ಗೊತ್ತಾಗಿರುತ್ತದೆ.

ನನ್ನ ಸ್ವಂತ ಹಂಚಿಕೆ ಹೀಗಿದೆ. ಬರೆಯುವುದು, ತಿದ್ದುವುದು, ಬರೀ ಪಠ್ಯದ ಪುಸ್ತಕ ಕಟ್ಟುವುದು ಲಿನಕ್ಸ್‌ನಲ್ಲಿ. ಬಣ್ಣದ ಕೆಲಸ, ಮುಖಪುಟ, ದನಿ ಮ್ಯಾಕ್‌ನಲ್ಲಿ. ಪ್ರೆಸ್‌ನವರ ಜೊತೆ ಫೈಲ್ ಕೊಡು ತಗೊಳ್ಳುವುದು, ಹಳೆ ಪುಸ್ತಕಗಳ ಮರುಮುದ್ರಣ ವಿಂಡೋಸಿನಲ್ಲಿ. ಒಂದನ್ನೇ ಇಟ್ಟುಕೋ ಅಂತ ಯಾರಾದರೂ ಹಟ ಮಾಡಿದರೆ ಲಿನಕ್ಸ್ ಇಟ್ಟುಕೊಳ್ಳುತ್ತೇನೆ. ಕೆಲಸ ಸಿಗದೆ ಹೋಗಬಹುದು, ಆದರೆ ನನ್ನ ಪಠ್ಯ ನನ್ನ ಕೈಯಲ್ಲೇ ಇರುತ್ತದೆ. ಸಂಸಾರ ನಡೆಸಬೇಕಾದ ಒಬ್ಬ ಆಪರೇಟರ್‌ಗೆ ಮಾತ್ರ ಈ ಸಲಹೆ ಕೊಡಲಾರೆ. ಅವರಿಗೆ ವಿಂಡೋಸೇ ಸರಿ. ಪೇಟೆಯ ಕೆಲಸ ಅಲ್ಲೇ ಇದೆ.

ಸದ್ಯ ಒಂದು ಸಣ್ಣ ಪ್ರಕಾಶನದ ಹಳೆ ಪುಸ್ತಕಗಳನ್ನು ಪೇಜ್‌ಮೇಕರ್‌ನಿಂದ ಯೂನಿಕೋಡ್‌ಗೆ ತರುತ್ತಿದ್ದೇನೆ. ಪರಿವರ್ತಕ ತಂತ್ರಾಂಶಗಳಿವೆ, ಚೆನ್ನಾಗಿಯೂ ಇವೆ. ಅವು ಎಡವುವುದು ಬಹುಪಾಲು ಅರ್ಕಾವತ್ತಿನ ಹತ್ತಿರ. ಆಸ್ಕಿ ಫೈಲಿನಲ್ಲಿ ಅದು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಕ್ಷರದ ನಂತರ ಕೂತಿರುತ್ತದೆ. ಯೂನಿಕೋಡ್‌ಗೆ ಬರುವಾಗ ಅದನ್ನು ಅಕ್ಷರದ ಹಿಂದಕ್ಕೆ ಎತ್ತಿ ಇಡಬೇಕು. ನಡುವೆ ಒತ್ತಕ್ಷರವೋ ದೀರ್ಘವೋ ಇದ್ದರೆ ಎಷ್ಟು ಹಿಂದಕ್ಕೆ ಅನ್ನುವುದು ಕೆಲವೊಮ್ಮೆ ತಪ್ಪುತ್ತದೆ. ಹಾಗಾಗಿ ಪರಿವರ್ತನೆ ಆದ ಪ್ರತಿ ಪುಟವನ್ನೂ ಮೂಲ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಓದುತ್ತೇನೆ. ಕೊನೆಯ ಪುಸ್ತಕ ಈ ಕಡೆ ಬರುವವರೆಗೂ ಪೇಜ್‌ಮೇಕರ್ ಇರುವ ಆ ಹಳೆ ವಿಂಡೋಸ್ ಯಂತ್ರ ಮನೆಯಲ್ಲಿ ಇರಲೇಬೇಕು.